ಎಡಕ್ಕೆ ಸ್ವಲ್ಪ ಮಂದ

ನಾನು ದುಬಾರಿ ಹೆಡ್‌ಫೋನ್ ತರಿಸಿದ್ದು ಹಾಡು ಕೇಳುವುದಕ್ಕಲ್ಲ, ಹೆಡ್‌ಫೋನ್ ಕೇಳುವುದಕ್ಕೆ. ಹಾಡು ಬೇಕಾದವರು ಮೊಬೈಲನ್ನು ಖಾಲಿ ಸ್ಟೀಲ್ ಲೋಟದಲ್ಲಿ ನಿಲ್ಲಿಸಿಯೂ ಕೇಳುತ್ತಾರೆ. ನಾನು ಉತ್ತರಪತ್ರಿಕೆ ತಿದ್ದುತ್ತಾ ವಯಸ್ಸು ಕಳೆದ ಶಾಲಾ ಮಾಸ್ತರ. ತಬಲಾ ಎಷ್ಟು ಆಳಕ್ಕಿಳಿಯಿತು, ಗಾಯಕ ಉಸಿರೆಳೆದದ್ದು ಕೇಳಿಸಿತೇ ಎಂದು ಮಾರ್ಕು ಕೊಡುತ್ತಾ ಹಾಡನ್ನೇ ಮರೆಯುತ್ತೇನೆ. ಒಪ್ಪಿಗೆಯಾಗದಿದ್ದರೆ ಹತ್ತು ದಿನದೊಳಗೆ ವಾಪಸು ಕೊಡಬಹುದಿತ್ತು. ನನಗೆ ಅದು ಹತ್ತು ದಿನದ ಪರೀಕ್ಷೆ.

ರೋಣದ ಮನೆಯಲ್ಲಿ ಕಿವಿ ಪೂರಾ ಮುಚ್ಚುವ ಆ ಯಂತ್ರವನ್ನು ತಲೆಗೇರಿಸಿ ಕನ್ನಡಿಯ ಮುಂದೆ ನಿಂತೆ. “ಕಿವಿಗೆ ಎರಡ ಬನ್ನ ಕಟ್ಗೊಂಡಂಗ ಕಾಣ್ತೀರಿ,” ಎಂದಳು ಹೆಂಡತಿ. ಬನ್ನಿನಷ್ಟೇ ಮೆತ್ತಗಿತ್ತು, ಸುಳ್ಳಲ್ಲ. ಒಂದೇ ತಕರಾರು: ಕನ್ನಡಕದ ಕಡ್ಡಿ ಯಂತ್ರದ ದಿಂಬಿನಡಿ ಸಿಕ್ಕಿ ಅರ್ಧ ಗಂಟೆಗೆಲ್ಲ ಕಿವಿಯ ಹಿಂದೆ ಗೆರೆ ಕೊರೆಯುತ್ತಿತ್ತು. ಕನ್ನಡಕ ತೆಗೆದರೆ ಪರಮಸುಖ. ಯಾವ ಹಾಡು ಹಚ್ಚಬೇಕೆಂಬುದು ಮಾತ್ರ ಕಾಣುತ್ತಿರಲಿಲ್ಲ.

ನರಗುಂದದ ಬಸ್ಸಿನಲ್ಲಿ ಹೊರಗಿನ ಗದ್ದಲ ಅಳಿಸುವ ಗುಂಡಿ ಒತ್ತಿದೆ. ಇಂಜಿನ್ನು ಮಾಯ, ಕಿಟಕಿಯ ಗಡಗಡ ಮಾಯ. ಕಂಡಕ್ಟರು ಮಾಯವಾಗಲಿಲ್ಲ, ಭುಜ ತಟ್ಟಿದರು. ಗದ್ದಲ ಅಳಿಸುವ ಈ ವಿದ್ಯೆ ಮನುಷ್ಯನ ನೆನಪಿಗೆ ಮೊದಲೇ ಗೊತ್ತಿತ್ತು ಎಂದು ಆಗ ಹೊಳೆಯಿತು. ಹುಡುಗನಾಗಿದ್ದಾಗ ಗಜೇಂದ್ರಗಡದ ಚಹಾದಂಗಡಿಯ ಟೇಪಿನಲ್ಲಿ ಕೇಳಿದ ಇಂಪು ಇದರಲ್ಲಿಲ್ಲ ಎಂದು ಷರಾ ಬರೆಯುವವನಿದ್ದೆ. ಆದರೆ ಆ ಅಂಗಡಿಯಲ್ಲಿ ಸ್ಟೋವು ಭುಸುಗುಡುತ್ತಿರಲಿಲ್ಲವೇ? ಕಪ್ಪುಬಸಿ ಬಡಿದಾಡುತ್ತಿರಲಿಲ್ಲವೇ? ಎಲ್ಲ ಅಳಿಸಿ ಹಾಡನ್ನಷ್ಟೇ ಉಳಿಸಿಕೊಂಡ ನೆನಪಿನೊಡನೆ ಸ್ಪರ್ಧೆಗಿಳಿದರೆ ಯಾವ ಯಂತ್ರ ಪಾಸಾದೀತು? ಅದು ಟೇಪೋ ರೇಡಿಯೋವೋ, ಅದೂ ಈಗ ಖಾತ್ರಿಯಿಲ್ಲ.

ಮೂರನೆಯ ದಿನ ಎಡಗಡೆ ದನಿ ಮಂದ ಅನ್ನಿಸಿತು. ಮೂರನೆಯ ದಿನ ಎಂದರೆ ಕಥೆಗೆ ಚೆಂದ. ಮೊದಲ ದಿನವೇ ಅನ್ನಿಸಿ, ನಾನೇ ಕೇಳದವನಂತೆ ಇದ್ದಿರಬಹುದು. ಕೆಟ್ಟದ್ದು ಯಂತ್ರದ ಎಡಭಾಗ, ಇಲ್ಲವೇ ನನ್ನ ಎಡಗಿವಿ. ಯಂತ್ರವೇ ಆಗಿರಲೆಂದು ಮನಸಾರೆ ಹಾರೈಸಿ ವಾಪಸಾತಿಗೆ ಬರೆದುಹಾಕಿದೆ. ಕಂಪನಿಯವರು, ಹತ್ತನೆಯ ದಿನ ಫೋನ್ ಮಾಡಿ ಒಯ್ಯಲು ಬರುತ್ತೇವೆಂದರು.

ಆ ಹತ್ತನೆಯ ದಿನ ಎದ್ದವನೇ, ನನ್ನ ಪರ ಒಂದು ಸಾಕ್ಷಿ ಇರಲೆಂದು ಜಕ್ಕಲಿಯ ಗೆಳೆಯ ರಾಜೇಸಾಬರಲ್ಲಿಗೆ ಹೋದೆ. ಅವರು ಒಕ್ಕಲುತನದವರು, ಮೊಹರಂನಲ್ಲಿ ಕರ್ಬಲದ ಕಥೆಯ ರಿವಾಯತ ಪದ ಹಾಡುವ ಮೇಳಕ್ಕೆ ಮುಂದಾಳು. ಈ ಹಾಡುಗಾರರು ಒಂದು ಕಿವಿಗೆ ಅಂಗೈ ಒತ್ತಿ ದನಿ ಎತ್ತುತ್ತಾರೆ: ಮುಚ್ಚಿದ ಕಿವಿ ತನ್ನ ದನಿಗೆ, ತೆರೆದದ್ದು ಜೊತೆಯವರಿಗೆ. ನನ್ನ ಮೊಬೈಲಿನಲ್ಲಿದ್ದ ಅವರ ಮೇಳದ ಪದವನ್ನೇ ಹಚ್ಚಿ ಯಂತ್ರವನ್ನು ಅವರ ಕಿವಿಗಿಟ್ಟೆ.

“ಭಾಳ ಚಲೋ ಐತ್ರಿ ಮಾಸ್ತರ. ಆದ್ರ ಇದನ್ನ ಹಾಕ್ಕೊಂಡ್ರ ಬಾಜೂಕಿನವ ತಾಳ ತಪ್ಪಿದ್ರೂ ಗೊತ್ತಾಗಂಗಿಲ್ಲ.”

“ಎಡಕ್ಕ ಮಂದ ಐತಲ್ರಿ?”

“ಇಲ್ಲಲ್ರಿ, ಎರಡೂ ಕಡೆ ಸಮಾ ಐತಿ.”

ನಿಮ್ಮ ಕಿವಿಗೆ ವಯಸ್ಸಾಗಿದೆ ಎಂದು ವಾದಿಸಿದೆ. ಅವರು ನಕ್ಕರು. “ಬಂಡಿ ಒಂದs ಕಡೆ ಎಳದ್ರ ನಾವು ಎಡದ ಎತ್ತ ಬಲಕ್ಕ ಬದಲಿ ಮಾಡಿ ಹೂಡ್ತೇವಿ. ತಪ್ಪ ಎತ್ತಿಂದೋ ಬಂಡೀದೋ, ಖರೇ ಆವಾಗ ಗೊತ್ತಾಗ್ತೈತಿ. ಇದನ್ನ ತಿರುವಿ ಹಾಕ್ಕೊಳ್ರಿ.”

ಹತ್ತು ದಿನ ಇದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೆ ಅಡಗಿಸಿಡುತ್ತಿದ್ದೆ. ತಿರುವಿ ಹಾಕಿಕೊಂಡೆ, ಎಡದ ದಿಂಬು ಬಲಗಿವಿಗೆ, ಬಲದ್ದು ಎಡಗಿವಿಗೆ. ಮಂದತನ ಕದಲಲಿಲ್ಲ. ನನ್ನ ಎಡಗಿವಿಯಲ್ಲೇ ಯಜಮಾನನಂತೆ ಕೂತಿತ್ತು.

“ಮಾರಿ ಯಾಕ ಸಣ್ಣ ಮಾಡ್ತೀರಿ? ನಾವು ಒಂದ ಕಿವಿ ಮುಚ್ಚಾಕ ಕೈ ನೋಯಿಸ್ಕೋತೇವಿ, ನಿಮಗ ದೇವರs ಮುಚ್ಚಿ ಕೊಟ್ಟಾನ. ದವಾಖಾನಿಗಿ ಹೋಗಿ ಬರ್ರಿ, ಬರೇ ಕಿವೀ ಗುಗ್ಗಿ ತುಂಬಿದ್ರೂ ತುಂಬಿರಬೇಕು!”

ಅಷ್ಟರಲ್ಲಿ ಫೋನ್ ಬಂತು. “ಮಾಲ ವಾಪಸ್ ಕೊಡೋದಿತ್ತಲ್ರಿ, ಏನ್ ದೋಷ ಐತ್ರಿ ಅದರಾಗ?”

“ಅದರಾಗ ಏನೂ ಇಲ್ರಿ. ನೀವು ಬರೂದು ಬ್ಯಾಡ,” ಎಂದೆ. ಹೇಳಿದ ಮೇಲೆ ಏನೋ ಹಗುರ. ಪರೀಕ್ಷೆ ಮುಗಿದಿತ್ತು, ಯಂತ್ರ ಪಾಸು, ಪರೀಕ್ಷಕ ನಪಾಸು.

ಯಂತ್ರವನ್ನು ಡಬ್ಬಿಗಿಟ್ಟು, “ನೀವs ಒಂದ್ ಪದಾ ಹಾಡ್ರಿ,” ಎಂದೆ. ರಾಜೇಸಾಬರು ಕೂತಲ್ಲೇ ಶುರು ಮಾಡಿದರು. ಕೇಳಲು ನಾನು ಕತ್ತು ತಿರುಗಿಸಿದ್ದನ್ನು ಕಂಡು, ಪದ ಮುರಿಯದೆ ಎದ್ದು, ನನ್ನ ಬಲಗಡೆಗೆ ಬಂದು ಕೂತರು.