ಕುರಿಗಳ ಮುಖ ಬಂದ ಫೋಟೋ

ನನ್ನ ಅಣ್ಣ ಕುರಿ ಕಾಯುತ್ತಾನೆ, ನಾನು ಬಾಗಲಕೋಟೆಯ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತೇನೆ. ಮನೆದೇವರು ಬೀರಪ್ಪ ಅಣ್ಣನಿಗೆ ಕುರಿ ಕೊಟ್ಟ, ತಮ್ಮನಿಗೆ ಫೋಟೋ ಹುಚ್ಚು ಕೊಟ್ಟ ಎಂದು ಅತ್ತಿಗೆ ನನ್ನ ಕಾಲೆಳೆಯುತ್ತಾಳೆ. ಹುಚ್ಚೇ ಸರಿ. ನಾನಿರುವ ವಿದ್ಯಾಗಿರಿ ಬಡಾವಣೆಯಲ್ಲಿ ನಮ್ಮದೊಂದು ಫೋಟೋ ಗುಂಪಿದೆ. ಭಾನುವಾರ ಬಂದರೆ ಸಾಕು, ಎಲ್ಲರೂ ನಸುಕಿನಲ್ಲೇ ಬಾದಾಮಿಗೆ ಓಡಿ, ಹೊಂಡದ ನೀರಿನಲ್ಲಿ ಬಿದ್ದ ಗುಡಿಯ ನೆರಳನ್ನು ಹಿಡಿದು ತರುತ್ತಾರೆ. ಎಷ್ಟು ಜನ ಹೋದರೂ ಬರುವುದು ಒಂದೇ ಫೋಟೋ. ನನಗೆ ಆ ಹೊಂಡ ಕಂಡರೆ ಈಗ ಸಿಟ್ಟೇ ಬರುತ್ತದೆ. ಆ ಸಿಟ್ಟಿನಲ್ಲೇ ಡ್ರೋನ್ ಕೊಂಡೆ.

ಸಂಜೆಯ ಇಳಿಬಿಸಿಲಿನಲ್ಲಿ ನೆತ್ತಿಯ ಮೇಲಿನಿಂದ ತೆಗೆದರೆ ಕುರಿಗಿಂತ ಕುರಿಯ ನೆರಳೇ ಉದ್ದ ಬೀಳುತ್ತದೆ. ನೆಲದ ಮೇಲೆ ನೆರಳುಗಳೇ ಮೇಯುತ್ತಿರುವಂತೆ ಕಾಣುತ್ತದೆ. ಒಂದು ಫೋಟೋ ಸ್ಪರ್ಧೆಗೆ ಕಳಿಸಲು ನನಗೆ ಅದು ಬೇಕಿತ್ತು. ಅಣ್ಣನಿಗೆ ಬೇರೆಯೇ ಬೇಕಿತ್ತು.

"ಹಿಂಡಿನ ಹಿಂದ ನಡದು ನಡದು ಬರೇ ಬಾಲಾ ನೋಡೇನಿ," ಎಂದು ಫೋನಿನಲ್ಲಿ ಹೇಳಿದ. "ಬೀರಪ್ಪ ಮ್ಯಾಲಿಂದ ಹೆಂಗ ನೋಡ್ತಾನೋ ಹಂಗ ಒಮ್ಮಿ ಎಲ್ಲಾನೂ ಕೂಡೇ ನೋಡಬೇಕು. ದೊಡ್ಡ ಫೋಟೋ ಮಾಡಿಸಿ ಗ್ವಾಡಿಗೆ ಹಾಕೋಣು."

ಆಗ ಅವನ ಹಿಂಡು ಗುಡೂರಿನ ಆಚೆ, ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಗ್ರಾನೈಟ್ ಕ್ವಾರಿಯ ಹತ್ತಿರ ಮೇಯುತ್ತಿತ್ತು. ಅದಕ್ಕೆ ಬೇಲಿ ಇಲ್ಲ, ಇಳಿಜಾರೂ ಇಲ್ಲ. ಹುಲ್ಲು ಮುಗಿದಲ್ಲಿ ನೆಲವೇ ಮುಗಿಯುತ್ತದೆ, ಕೆಳಗೆ ಆಳದಲ್ಲಿ ಹಸಿರು ನೀರು. ಒಂದು ಸಂಜೆ ಡ್ರೋನ್ ತೆಗೆದುಕೊಂಡು ಅಲ್ಲಿಗೆ ಹೋದೆ.

"ಇಲ್ಲಿ ಬ್ಯಾಡ ಅಣ್ಣಾ, ದೂರ ಹೊಡಕೊಂಡು ಹೋಗೋಣು," ಎಂದೆ.

"ಅದು ಎಲ್ಲಿ, ಇವು ಎಲ್ಲಿ! ನೀ ಹಾರಸು."

ಕ್ವಾರಿ ಒಂದು ಹೊಲದಷ್ಟು ದೂರವೇನೋ ಇತ್ತು. ಪೂರ್ವಕ್ಕೆ ಕ್ವಾರಿ, ನಡುವೆ ಹಿಂಡು, ಪಶ್ಚಿಮಕ್ಕೆ ನಾವಿಬ್ಬರು, ನಮ್ಮ ಬೆನ್ನಿಗೆ ಸೂರ್ಯ.

ಡ್ರೋನ್ ಮೇಲೆ ಇರುವವರೆಗೂ ಕುರಿಗಳು ಕ್ಯಾರೇ ಅನ್ನಲಿಲ್ಲ. ನನ್ನ ಫೋಟೋ ನನಗೆ ಸಿಕ್ಕಿತು. ಅಣ್ಣ ಮೊಬೈಲಿನ ಪರದೆಗೆ ಕೈ ಮರೆ ಮಾಡಿ ನೋಡಿ ಮುಖ ಗಂಟಿಕ್ಕಿದ. "ಇದೇನಲೇ, ಬರೇ ಬೆನ್ನು! ಒಂದರದೂ ಮಾರಿ ಇಲ್ಲ. ಕೆಳಗ ಇಳಸು."

ಇಳಿಸಿದೆ. ಇನ್ನಷ್ಟು ಅಂದ. ಇನ್ನಷ್ಟು ಇಳಿಸಿದೆ. ಹೆಜ್ಜೇನು ಎದ್ದಂಥ ಸದ್ದು ತಲೆಯ ಮೇಲೆ ಬಂದದ್ದೇ ತಡ, ಮುಂದಿದ್ದ ಟಗರು ಜಿಗಿಯಿತು. ಅದರ ಹಿಂದೆ ಇಡೀ ಹಿಂಡು, ಸೀದಾ ಪೂರ್ವಕ್ಕೆ.

ಅಣ್ಣ ಹೆಗಲ ಮೇಲಿನ ಕಂಬಳಿ ಕಿತ್ತುಕೊಂಡು ಹಿಂಡಿನ ಮಗ್ಗುಲಿಗೆ ಓಡಿದ. ಎದ್ದ ಧೂಳಿನಲ್ಲಿ ಅವನೂ ಕಾಣಲಿಲ್ಲ, ಕುರಿಗಳೂ ಕಾಣಲಿಲ್ಲ. ಕುರಿಗಳ ಬುದ್ಧಿ ನನಗೆ ಗೊತ್ತು. ಮುಂದಿನದು ಬಿದ್ದರೆ ಹಿಂದಿನವು ನೋಡುತ್ತಲೇ ಬೀಳುತ್ತವೆ. ಈ ಹಿಂಡು ಹೋದರೆ ಅಣ್ಣನಿಗೆ ಉಳಿಯುವುದು ಕೈಯಲ್ಲಿನ ಕೋಲು ಮಾತ್ರ. ಡ್ರೋನನ್ನು ನನ್ನತ್ತ ಎಳೆದುಕೊಳ್ಳಲು ಹೋದವನು ಕೈ ತಡೆದೆ. ಹಿಂದಿನಿಂದ ಹೆದರಿಸಿದ್ದು ಅದೇ ತಾನೇ, ಎದುರಿನಿಂದ ಹೆದರಿಸಿದರೆ?

ಮೇಲಕ್ಕೆತ್ತಿ, ಹಿಂಡನ್ನು ದಾಟಿಸಿ, ಕ್ವಾರಿಯ ನೀರಿನ ಮೇಲೆ ಒಯ್ದು, ಮುಖ ತಿರುಗಿಸಿ ಮತ್ತೆ ಕೆಳಗಿಳಿಸಿದೆ. ಪರದೆಯ ಮೇಲೆ ಬಿಸಿಲು ಬಿದ್ದು ಅದರಲ್ಲಿ ನನ್ನ ಬೆವರಿದ ಮುಖವೇ ಕಾಣುತ್ತಿತ್ತು. ದೂರದ ಆ ಕರಿ ಚುಕ್ಕೆಯನ್ನಷ್ಟೇ ನೋಡುತ್ತ, ಅಂಚು ಎಲ್ಲಿರಬಹುದೆಂದು ಅಂದಾಜು ಹಾಕಿ, ಕುರಿಗಳ ಮುಖಕ್ಕೇ ನುಗ್ಗಿಸಿದೆ. ಬೀರಪ್ಪನ ಹೆಸರು ತಾನಾಗಿ ಬಾಯಿಗೆ ಬಂತು.

ಧೂಳಿನೊಳಗಿಂದ ಮೊದಲು ಟಗರಿನ ಕೊಂಬು ನನ್ನ ಕಡೆಗೆ ಬಂತು, ಆಮೇಲೆ ಎಲ್ಲವೂ ಬಂದವು. ಗಡಿಬಿಡಿಯಲ್ಲಿ ಎತ್ತ ಎಳೆದೆನೋ ಏನೋ, ಡ್ರೋನ್ ಬಂಡೆಗೆ ಬಡಿದು ನೀರಿಗೆ ಬಿತ್ತು. ಸ್ಪರ್ಧೆಯ ಫೋಟೋ ಇದ್ದ ಕಾರ್ಡೂ ಅದರ ಜೊತೆ ಹೋಯಿತು. ಹಾಳಾಗಿ ಹೋಗಲಿ ಎನಿಸಿತು. ಎಲ್ಲಕ್ಕಿಂತ ಹಿಂದೆ ಅಣ್ಣ ಕಂಬಳಿ ಝಾಡಿಸುತ್ತ ಬಂದ. ಒಂದು ಮರಿಯೂ ಕಡಿಮೆಯಾಗಿರಲಿಲ್ಲ.

ಪಕ್ಕದ ಹೊಲದ ಬಾವಿಯ ಹತ್ತಿರದ ಎತ್ತರದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕುಳಿತು, ಅತ್ತಿಗೆ ಕಟ್ಟಿ ಕೊಟ್ಟಿದ್ದ ಥರ್ಮಾಸಿನ ಚಹಾ ಕುಡಿದೆವು. ಹಾರಿಸುವಾಗ ಕ್ಯಾಮೆರಾ ಕಂಡದ್ದರ ಒಂದು ಮಬ್ಬು ಪ್ರತಿ ಮೊಬೈಲಿನಲ್ಲೂ ಉಳಿದಿರುತ್ತದೆ. ಅದನ್ನು ಓಡಿಸಿ ಕೊನೆಯ ಹತ್ತಿರ ನಿಲ್ಲಿಸಿದೆ. ಎದುರು ಬಿಸಿಲಿಗೆ ತೆಗೆದದ್ದು. ಪ್ರತಿ ಕುರಿಯ ಉಣ್ಣೆಯ ಅಂಚೂ ಹೊಳೆಯುತ್ತಿತ್ತು. ಅಷ್ಟೂ ಮುಖಗಳು ಕ್ಯಾಮೆರಾದ ಕಡೆಗೇ ಇದ್ದವು. ನಮ್ಮ ಗುಂಪಿನಲ್ಲಿ ಯಾರೂ ಇಂಥದ್ದನ್ನು ತೆಗೆದಿಲ್ಲ.

"ಬಂದ್ವು ನೋಡು ಮಾರಿ!" ಅಣ್ಣ ಹಿಗ್ಗಿಹೋದ. "ಇದನ್ನ ದೊಡ್ಡದು ಮಾಡಿಸು."

ನನ್ನ ಕಣ್ಣು ಚಿತ್ರದ ಕೆಳತುದಿಗೆ ಹೋಗಿತ್ತು. ಅಲ್ಲಿ ಒಬ್ಬ ಮನುಷ್ಯನ ಬೆನ್ನು ಇತ್ತು. ಎರಡೂ ಕೈಯಲ್ಲಿ ಕಂಬಳಿಯನ್ನು ಅಗಲಿಸಿ ಹಿಡಿದು ಕುರಿಗಳಿಗೆ ಅಡ್ಡ ನಿಂತಿದ್ದ. ಅವನ ಹಿಮ್ಮಡಿಗಳು ಬಂಡೆಯ ಅಂಚಿನ ಮೇಲಿದ್ದವು, ಹಿಮ್ಮಡಿಯ ಹಿಂದೆ ಏನೂ ಇರಲಿಲ್ಲ. ನಾನು ಡ್ರೋನನ್ನು ನುಗ್ಗಿಸಿದ್ದು ಅವನ ಬೆನ್ನ ಹಿಂದಿನಿಂದ, ಇನ್ನೇನು ತಲೆಗೆ ತಾಗಬೇಕು ಅನ್ನುವಷ್ಟು ಕೆಳಗೆ.

ಅಣ್ಣನ ಕಡೆ ತಿರುಗಿದೆ. "ಹಿಂದ ಸಪ್ಪಳ ಕೇಳಲಿಲ್ಲೇನು? ನೀ ಬೆಚ್ಚಿದ್ದರ?"

"ಕೇಳ್ತು. ಬೆಚ್ಚೂದ್ಯಾಕ? ಹಾರಸಾಂವ ನೀ ಇದ್ದೆಲ್ಲ. ನನ್ನ ನೋಡಕೋತನ ತರಾಕತ್ತಾನ ಅಂತ ಸುಮ್ನ ನಿಂತೆ."

"ಇಲ್ಲಣ್ಣಾ. ನನಗ ನೀ ಕಾಣಾಕತ್ತಿದ್ದಿಲ್ಲ."

ಅಣ್ಣ ಚಹಾದ ಲೋಟ ಕೆಳಗಿಟ್ಟ. ನನ್ನ ಕೈಯಿಂದ ಮೊಬೈಲು ತೆಗೆದುಕೊಂಡು ಮತ್ತೊಮ್ಮೆ ನೋಡಿದ. ಈ ಸಲ ಕುರಿಗಳನ್ನು ನೋಡಲಿಲ್ಲ, ತನ್ನ ಹಿಮ್ಮಡಿಗಳನ್ನು ನೋಡಿದ. ಆಮೇಲೆ ಕಟ್ಟೆಯಿಂದ ಇಳಿಬಿಟ್ಟಿದ್ದ ಕಾಲುಗಳನ್ನು ಮೆಲ್ಲಗೆ ಮೇಲಕ್ಕೆ ಎಳೆದುಕೊಂಡು ಕುಳಿತ.