ಕುಂಕುಮ ಹತ್ತಿದ ನೋಟುಗಳು

ಲಂಡನ್ನಿನ ಇಲ್ಫರ್ಡ್‌ನ ಆ ಬೀದಿಯ ಸಾಲುಮನೆಗಳಲ್ಲಿ ಹೊಸ್ತಿಲು ಕೆಂಪಾಗಿದ್ದ ಮನೆ ಒಂದೇ. ಕೃಷ್ಣವೇಣಿಯವರು ಶುಕ್ರವಾರ ಬೆಳಿಗ್ಗೆ ಆ ಮರದ ಹೊಸ್ತಿಲನ್ನು ಒರೆಸಿ, ಅರಿಶಿನ ಬಳಿದು, ಕುಂಕುಮ ಇಡುತ್ತಿದ್ದರು. ವರ್ಷಗಟ್ಟಲೆ ಇಟ್ಟದ್ದು. ಅಲ್ಲಿನ ತೇವಕ್ಕೆ ಬಣ್ಣ ಕರಗಿ ಮರದ ಎಳೆಗಳೊಳಕ್ಕೆ ಇಳಿದಿತ್ತು. "ವೇಣಿ, ಪೋಸ್ಟ್‌ಮನ್ ಇದನ್ನ ನೋಡಿ ಒಳಗೆ ಕೊಲೆ ಆಗಿದೆ ಅಂದ್ಕೋತಾನೆ ಕಣೆ" ಎಂದು ಅವರ ಯಜಮಾನರು ಡಾಕ್ಟರ್ ಶ್ರೀರಂಗ ರೇಗಿಸುತ್ತಿದ್ದರು.

ಶ್ರೀರಂಗ ಸರ್ಕಾರಿ ಆಸ್ಪತ್ರೆಯಲ್ಲಿ ಎದೆರೋಗದ ವೈದ್ಯರಾಗಿದ್ದರು. ೧೯೯೬ರ ಜನವರಿಯಲ್ಲಿ ತೀರಿಕೊಂಡರು. ಅಂದಿನಿಂದ ಕೃಷ್ಣವೇಣಿ ಹಣೆಗೆ ಕುಂಕುಮ ಇಡಲಿಲ್ಲ, ಹೊಸ್ತಿಲಿಗೂ ಇಡಲಿಲ್ಲ. ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಬೆಳ್ಳಿಯ ಕುಂಕುಮದ ಭರಣಿಗಳನ್ನು ಮಗಳು ಶರಣ್ಯಾಳ ಚೀಲಕ್ಕೆ ತಾವೇ ಹಾಕಿ ಕಳಿಸಿದರು.

೧೯೬೮ರಲ್ಲಿ ಮೈಸೂರಿನಿಂದ ಬಂದಿಳಿದಾಗ ಅವರ ಪರ್ಸಿನಲ್ಲಿ ಮೂರು ಪೌಂಡ್ ಇತ್ತು. ದೇಶ ಬಿಡುವವರಿಗೆ ಸರ್ಕಾರ ಆಗ ಅಷ್ಟೇ ವಿದೇಶಿ ಹಣ ಕೊಡುತ್ತಿತ್ತು. ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದ ಗಂಡನ ಕೈಗೆ ಅದನ್ನು ಕೊಟ್ಟವರು ಮತ್ತೆ ಹಣದ ಕಡೆ ನೋಡಲಿಲ್ಲ. ಬ್ಯಾಂಕು, ವಿಮೆ, ಗ್ಯಾಸಿನ ಬಿಲ್ಲು ಎಲ್ಲ ಶ್ರೀರಂಗರದು. ತರಕಾರಿಗೆ ಬೇಕಾದಷ್ಟು ಅಡುಗೆಮನೆಯ ಡಬ್ಬಿಯಲ್ಲಿ ಇರುತ್ತಿತ್ತು. ಕೌಂಟರಿನ ಗಾಜಿನ ಹಿಂದೆ ಕುಳಿತ ಯಾರ ಎದುರು ನಿಂತರೂ ಅವರಿಗೆ ಬಾಯಿ ಒಣಗುತ್ತಿತ್ತು.

ಗಂಡ ಹೋದ ಮೇಲೆ ಆ ಕೆಲಸವೆಲ್ಲ ಶರಣ್ಯಾಳ ಪಾಲಿಗೆ ಬಂತು. ಆಕೆ ಲೀಡ್ಸ್‌ನಲ್ಲಿ ವೈದ್ಯೆ. ಭಾನುವಾರದ ಫೋನಿನಲ್ಲಿ ಒಂದೇ ಮಾತು: ಈ ಮನೆ ಮಾರೋಣ, ನೀನು ಇಲ್ಲಿಗೆ ಬಾ. ಒಬ್ಬಳೇ ಇರಲು ನಿನಗೆ ಆಗುವುದಿಲ್ಲ. ೧೯೯೮ರ ವಸಂತದಲ್ಲಿ ಮನೆ ಮಾರಿಸುವ ಏಜೆಂಟನೂ ಬಂದು ಸುತ್ತಾಡಿ ಹೋಗಿದ್ದ. ಹೊಸ್ತಿಲನ್ನು ಉಜ್ಜಿಸಿ ಬಿಳಿ ಬಣ್ಣ ಹೊಡೆಸಿ, ಕೊಳ್ಳುವವರಿಗೆ ಈ ಕಲೆ ಹಿಡಿಸುವುದಿಲ್ಲ ಎಂದಿದ್ದ. ಕೃಷ್ಣವೇಣಿ "ಮುಂದಿನ ವಾರ" ಎನ್ನುತ್ತ ತಳ್ಳಿಕೊಂಡು ಬಂದಿದ್ದರು. ಆ ಮನೆಯಲ್ಲೇ, ತಮ್ಮ ಪಾಡಿಗೆ ತಾವು ಇರಬೇಕೆನ್ನುವುದು ಬಿಟ್ಟರೆ ಅವರಿಗೆ ಬೇರೆ ಆಸೆ ಇರಲಿಲ್ಲ.

ಹಾಗಾಗಿಯೇ ಜೂಲಿಯಾ ಕರೆದಾಗ ಹೂಂ ಎಂದರು.

ಜೂಲಿಯಾ ಉಡುಪಿ ಕಡೆಯವರು, ಮನೆಯಲ್ಲಿ ಕೊಂಕಣಿ. ಶ್ರೀರಂಗರ ವಾರ್ಡಿನಲ್ಲಿ ನರ್ಸ್ ಆಗಿದ್ದವರು, ಎರಡು ಬೀದಿ ಆಚೆ ವಾಸ. ವರ್ಷಕ್ಕೊಮ್ಮೆ ಚರ್ಚಿನ ಬಸ್ಸಿನಲ್ಲಿ ಫ್ರಾನ್ಸಿನ ಲೂರ್ದಿಗೆ ಮೇರಿಮಾತೆಯ ದರ್ಶನಕ್ಕೆ ಹೋಗುವುದು ಅವರ ರೂಢಿ.

"ಈ ಸಲ ನೀವೂ ಬನ್ನಿ, ವೇಣಿಯಕ್ಕ. ಒಂದು ಸೀಟು ಉಂಟು. ಹೋಗಿ ಬಂದ್ರೆ ನಿಮ್ಮ ಮಗಳ ಬಾಯಿ ಸಹ ಬಂದ್ ಆಗ್ತದೆ."

"ನಿಮ್ಮ ಮಾತೆ ನನ್ನ ಸೇರಿಸ್ಕೋತಾಳೇನೆ?"

"ಸೇರಿಸದೆ ಎಂತ? ಅಲ್ಲಿ ಎಲ್ಲ ಭಾಷೆಯವ್ರೂ ಅಳ್ತಾರೆ. ಕನ್ನಡ ಒಂದು ಹೆಚ್ಚು ಅಷ್ಟೆ."

ಬಸ್ಸಿನ ಸೀಟಿಗೆ ಜೂಲಿಯಾ ದುಡ್ಡು ಕೊಟ್ಟಿದ್ದರು. ಅಲ್ಲಿನ ಖರ್ಚಿಗೆ ಫ್ರಾನ್ಸಿನ ಹಣ, ಫ್ರಾಂಕ್ ಬೇಕಿತ್ತು. ಮಗಳನ್ನು ಕೇಳಿದರೆ ಹೋಗುವುದೇ ಬೇಡ ಎನ್ನುತ್ತಾಳೆ. ಕೃಷ್ಣವೇಣಿ ಬೀರುವಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದರು.

ಅದರಲ್ಲಿದ್ದದ್ದು ವರಮಹಾಲಕ್ಷ್ಮಿಯ ನೋಟುಗಳು. ಶರಣ್ಯಾ ಕಾಲೇಜಿಗೆ ಹೋದ ಮೇಲೆ ಮನೆ ಖಾಲಿ ಎನಿಸುತ್ತಿದೆ ಎಂದು, ಶ್ರೀರಂಗ ಪ್ರತಿ ಹಬ್ಬಕ್ಕೂ ಇಪ್ಪತ್ತು ಪೌಂಡಿನ ಹೊಸ ನೋಟುಗಳನ್ನು ತಂದು ಬೀಸಣಿಗೆಯ ಹಾಗೆ ಮಡಿಸಿ ಕಳಶದ ಹಿಂದೆ ಸಿಕ್ಕಿಸುತ್ತಿದ್ದರು. ಕೃಷ್ಣವೇಣಿ ಒದ್ದೆ ಬೆರಳಿನಿಂದ ಅವುಗಳ ಅಂಚಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಮಾರನೆಯ ದಿನ ಕಳಶ ಕದಲಿಸಿದ ಮೇಲೆ, ತೇವ ಆರುವ ಮುಂಚೆಯೇ, ನೋಟುಗಳು ಡಬ್ಬಿ ಸೇರುತ್ತಿದ್ದವು. ದೇವರಿಗೆ ಇಟ್ಟದ್ದನ್ನು ಅಂಗಡಿಗೆ ಕೊಡಲು ಮನಸ್ಸು ಬಂದಿರಲಿಲ್ಲ. ಯಾತ್ರೆಗಾದರೆ ತಪ್ಪಲ್ಲ ಎಂದು ಈಗ ಅನಿಸಿತು. ಅಂಚಿನಿಂದ ಒಳಕ್ಕೆ ಕೆಂಪು ಹಬ್ಬಿದ್ದುದು ಅವರಿಗೆ ಕಾಣಲಿಲ್ಲವೆಂದಲ್ಲ. ಆ ಕೆಂಪನ್ನು ಅವರು ಎಂದೂ ಕಲೆ ಎಂದುಕೊಂಡಿರಲಿಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಇಬ್ಬರೂ ಅಂಗಡಿಗಳಿರುವ ಹೈ ರೋಡಿಗೆ ಹೋದರು. ಜೂಲಿಯಾ ಔಷಧಿ ಅಂಗಡಿಯ ಮುಂದೆ ನಿಂತು, "ನೀವು ಒಬ್ರೇ ಹೋಗಿ ಬದಲಾಯಿಸಿ ಬನ್ನಿ. ಕಲಿತ ಹಾಗೂ ಆಯ್ತು" ಎಂದರು.

ಹಣ ಬದಲಾಯಿಸುವ ಅಂಗಡಿ ಚಿಕ್ಕದು. ಗಾಜಿನ ಹಿಂದೆ ಟೈ ಕಟ್ಟಿದ ಯುವಕನೊಬ್ಬ ಕುಳಿತಿದ್ದ. ಮನೆಯಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯವನ್ನು ಕೃಷ್ಣವೇಣಿ ತಪ್ಪಿಲ್ಲದೆ ಹೇಳಿದರು. ನೋಟುಗಳನ್ನು ಗಾಜಿನ ಕೆಳಗಿನ ತಟ್ಟೆಯಲ್ಲಿ ಇಟ್ಟರು. ಯುವಕ ಎಣಿಸತೊಡಗಿದ. ನಡುವೆ ಅವನ ಬೆರಳು ನಿಂತಿತು. ಕಟ್ಟನ್ನು ಓರೆ ಮಾಡಿ ಅಂಚನ್ನು ನೋಡಿದ, ದೀಪದ ಕೆಳಗೆ ಹಿಡಿದ. ಆಮೇಲೆ ಅವರ ಮುಖ ನೋಡದೆ, ಒಂದು ನಿಮಿಷ ಎಂದು ಒಳಗೆ ಹೋದ. ನೋಟುಗಳನ್ನೂ ಒಯ್ದ.

ಆ ತಿಂಗಳು ಪೂರ್ವ ಲಂಡನ್ನಿನಲ್ಲಿ ಹಣ ಸಾಗಿಸುವ ವ್ಯಾನೊಂದು ದರೋಡೆಯಾಗಿತ್ತು. ಅಂಥ ಪೆಟ್ಟಿಗೆಗಳನ್ನು ಬಲವಂತವಾಗಿ ಒಡೆದರೆ ಒಳಗಿನ ಬಣ್ಣದ ಕೊಳವೆ ಸಿಡಿದು ನೋಟುಗಳು ಅಂಚಿನಿಂದ ಒಳಕ್ಕೆ ನೆನೆಯುತ್ತವೆ. ಅಂಚು ಕೆಂಪಾದ ನೋಟು ಬಂದರೆ ಪೊಲೀಸರಿಗೆ ತಿಳಿಸಿ ಎಂದು ಗಲ್ಲಾಪೆಟ್ಟಿಗೆಯವರಿಗೆಲ್ಲ ಸೂಚನೆ ಹೋಗಿತ್ತು. ಕೃಷ್ಣವೇಣಿಗೆ ಇದು ಯಾವುದೂ ತಿಳಿದಿರಲಿಲ್ಲ. ಗಾಜಿನ ಒಳಗೆ ಪರದೆ ಇಳಿಯಿತು. ಹಿಂದೆ ಬಾಗಿಲಲ್ಲಿ ಟಕ್ ಎಂದಿತು. ತಿರುಗಿ ಎಳೆದು ನೋಡಿದರು. ತೆರೆಯಲಿಲ್ಲ.

ಮೂವತ್ತು ವರ್ಷ ಕೇಳಿ, ಓದಿ, ಆಡಿದ ಇಂಗ್ಲಿಷ್ ಆ ಶಬ್ದದೊಂದಿಗೆ ಹೊರಟುಹೋಯಿತು. ಪಕ್ಕದ ಬಾಗಿಲಿನಿಂದ ಬಂದ ಮ್ಯಾನೇಜರ್ ಹೆಂಗಸು ಮೆಲ್ಲನೆ ಕೇಳಿದಳು: ಈ ಕೆಂಪಾದ ನೋಟುಗಳು ನಿಮಗೆ ಎಲ್ಲಿಂದ ಬಂದವು?

"ದೇವರದು" ಎಂದರು ಕೃಷ್ಣವೇಣಿ ಇಂಗ್ಲಿಷಿನಲ್ಲಿ.

"ಯಾರದು?"

"ದೇವರ ಹಣ. ನನ್ನ ಗಂಡ ಕೊಟ್ಟದ್ದು."

"ನಿಮ್ಮ ಗಂಡ ಎಲ್ಲಿದ್ದಾರೆ?"

"ಇಲ್ಲ. ಸತ್ತುಹೋದರು."

ಮ್ಯಾನೇಜರ್ ಕುರ್ಚಿ ತೋರಿಸಿ ಒಳಗೆ ಹೋಗಿ ಫೋನ್ ಎತ್ತಿದಳು. ಪೊಲೀಸ್ ಎನ್ನುವ ಮಾತು ಗೋಡೆಯಾಚೆಯಿಂದಲೂ ಕೇಳಿಸಿತು. ಕೃಷ್ಣವೇಣಿ ಕೂರಲಿಲ್ಲ. ಕೂತರೆ ಏಳಲಾರೆ ಎನಿಸಿತು. ಜೈಲಿನ ಯೋಚನೆ ಬಂತು. ಅದಕ್ಕಿಂತ ಮುಂಚೆ ಬಂದದ್ದು ಲೀಡ್ಸಿನ ಫೋನು. ಪೊಲೀಸರು ಮಗಳನ್ನು ಕರೆಯುತ್ತಾರೆ. ಅವಳು ಕಾರಿನಲ್ಲಿ ಬಂದು ಬಿಡಿಸುತ್ತಾಳೆ. ಬೈಯುವುದೂ ಇಲ್ಲ. ಆ ವಾರವೇ ಮನೆಯ ಮುಂದೆ ಮಾರಾಟದ ಬೋರ್ಡು ನಿಲ್ಲುತ್ತದೆ.

ಹೊರಗೆ ಜೂಲಿಯಾ ಗಾಜಿನ ಬಾಗಿಲನ್ನು ತಟ್ಟುತ್ತಿದ್ದರು. "ಎಂತ ಆಯ್ತು ಮಾರಾಯ್ರೆ? ಬಾಗಿಲು ಯಾಕೆ ಹಾಕಿದ್ದು?"

"ಪೊಲೀಸ್ ಬರ್ತಿದಾರೆ ಕಣೆ. ನೋಟು ಕೆಂಪಗಿದೆಯಂತೆ. ನೀನು ಮನೆಗೆ ಹೋಗ್ಬಿಡು."

"ನಾನು ಹೋದ್ರೆ ನಿಮ್ಮನ್ನು ಬಿಡಿಸ್ಲಿಕ್ಕೆ ಯಾರು ಬರುದು? ನಿಮ್ಮ ಲಕ್ಷ್ಮಿಯಾ?"

ಅರ್ಥವಾಗದ ಭಾಷೆಯಲ್ಲಿ ಇಬ್ಬರು ಹೆಂಗಸರು ಕೂಗಾಡುವುದನ್ನು ಕೇಳಿ ಯುವಕ ಪರದೆಯ ಸಂದಿಯಿಂದ ಇಣುಕಿದ. ಕೃಷ್ಣವೇಣಿ ಬಾಗಿಲಿನಿಂದ ಹಿಂದೆ ಸರಿದರು.

ಬಂದ ಪೊಲೀಸಿನವನು ದೊಡ್ಡ ಆಳು, ವಯಸ್ಸು ನಲವತ್ತರ ಆಸುಪಾಸು. ಅವನ ಹಿಂದೆಯೇ ಜೂಲಿಯಾ ಒಳಗೆ ನುಗ್ಗಿ, ಇದು ಪೂಜೆಯ ಪುಡಿ, ಹಿಂದೂ ಹೆಂಗಸರು ಹಣೆಗೆ ಇಡುತ್ತಾರಲ್ಲ ಅದು, ಎಂದು ಒಂದೇ ಉಸಿರಿಗೆ ಹೇಳಿದರು. ಅವನು ಕೇಳಿಸಿಕೊಂಡ. ಪ್ಲಾಸ್ಟಿಕ್ ಚೀಲದೊಳಗಿನ ನೋಟುಗಳನ್ನು ನೋಡಿದ. ಆಮೇಲೆ ಕೃಷ್ಣವೇಣಿಯವರ ಹಣೆ ನೋಡಿದ.

"ಈ ರಸ್ತೆಯಲ್ಲಿ ದಿನಾ ಆ ಬೊಟ್ಟು ನೋಡುತ್ತೇನೆ, ಮೇಡಮ್. ನಿಮಗೆ ಇಲ್ಲವಲ್ಲ."

ಗಂಡ ಸತ್ತ ಮೇಲೆ ಇಡುವುದಿಲ್ಲ ಎಂದು ಜೂಲಿಯಾ ವಿವರಿಸಿದರು. ಹಾಗಾದರೆ ಮನೆಯಲ್ಲಿ ಆ ಪುಡಿ ಇರಬೇಕಲ್ಲ ಎಂದ ಅವನು.

"ಇಲ್ಲ" ಎಂದರು ಕೃಷ್ಣವೇಣಿ. "ಮಗಳಿಗೆ ಕೊಟ್ಟೆ."

"ಮಗಳ ಫೋನ್ ನಂಬರು ಕೊಡಿ."

ಅವರು ಪರ್ಸಿನ ಜಿಪ್ಪು ಎಳೆದು ಮುಚ್ಚಿದರು. ಅವನು ಮತ್ತೆ ಕೇಳಿದ. ದನಿ ಜೋರಿರಲಿಲ್ಲ, ಆದರೆ ಬಿಡುವ ಹಾಗೂ ಇರಲಿಲ್ಲ. ಜೂಲಿಯಾ ಮೊಣಕೈಯಿಂದ ತಿವಿದು, "ಕೊಡಿ, ವೇಣಿಯಕ್ಕ. ಇನ್ನೆಂತ ದಾರಿ ಉಂಟು?" ಎಂದರು. ಕೃಷ್ಣವೇಣಿ ತಲೆ ಎತ್ತಲಾರದೆ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ ನೆಲಕ್ಕೆ ಬಡಿದಿದ್ದ ತಗಡಿನ ಪಟ್ಟಿಯ ಮೇಲೆ ಪೊಲೀಸಿನವನ ಬೂಟು ಊರಿತ್ತು. ಹೊಸ್ತಿಲು ತುಳಿಯಬಾರದು ಎಂದು ಅನಿಸಿತು. ಅಂಥ ಹೊತ್ತಿನಲ್ಲಿ ಬರಬೇಕಾದ ಯೋಚನೆಯಲ್ಲ. ಅದರ ಬೆನ್ನಿಗೇ ಇನ್ನೊಂದು ಬಂತು.

"ಮನೆಗೆ ಬನ್ನಿ" ಎಂದರು. "ತೋರಿಸುತ್ತೇನೆ."

ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಇಬ್ಬರೂ ಕುಳಿತರು. ಜೂಲಿಯಾ ಜಪಮಾಲೆ ಎಣಿಸುತ್ತಿದ್ದರು. ಕೃಷ್ಣವೇಣಿಯವರ ತಲೆಯಲ್ಲಿ ಸುತ್ತುತ್ತಿದ್ದದ್ದು ಒಂದೇ: ಏಜೆಂಟನ ಮಾತಿಗೆ ಒಪ್ಪಿ ಶರಣ್ಯಾಳೇ ಬಣ್ಣದವನಿಗೆ ಹೇಳಿದ್ದರೆ? ತಾವು ಹೊರಗಿದ್ದಾಗ ಅವನು ಬಂದು ಹೊಸ್ತಿಲಿಗೆ ಬಳಿದು ಹೋಗಿದ್ದರೆ? ಮಧ್ಯಾಹ್ನ ಬಾಗಿಲು ಎಳೆದುಕೊಂಡು ಬರುವಾಗ ಕೆಳಗೆ ನೋಡಿದ್ದ ನೆನಪೇ ಇರಲಿಲ್ಲ.

ಬೀದಿಯಲ್ಲಿ ಎರಡು ಮನೆಗಳ ಕಿಟಕಿಯ ಪರದೆ ಸರಿದವು. ಕೃಷ್ಣವೇಣಿ ಬೀಗದ ಕೈಯನ್ನು ಗೆಳತಿಗೆ ಕೊಟ್ಟರು. ಜೂಲಿಯಾ ತೆಗೆದರು. ಹೊಸ್ತಿಲು ಇದ್ದ ಹಾಗೆಯೇ ಇತ್ತು. ಎರಡು ವರ್ಷದ ಧೂಳಿನ ಕೆಳಗೆ ಅದು ಬರೀ ಕಂದು ಮರದಂತೆ ಕಂಡಿತು. ಪೊಲೀಸಿನವನು ನೋಡಿ, ಏನಿದೆ ಇಲ್ಲಿ ಎಂಬಂತೆ ಹುಬ್ಬೇರಿಸಿದ.

ಕೃಷ್ಣವೇಣಿ ಒಳಗೆ ಹೋಗಿ ಒದ್ದೆ ಬಟ್ಟೆ ತಂದರು. ಕೂತು ಒರೆಸಿದರು. ಧೂಳು ಹೋಯಿತು. ನೀರು ತಾಗಿದ ಮರ ಮೊದಲು ಹಳದಿಯಾಯಿತು, ಆಮೇಲೆ ನಡುವೆ ಸಾಲಾಗಿ ಕೆಂಪು ಬೊಟ್ಟುಗಳು ಎದ್ದವು. ಸಂದಿಯಲ್ಲಿ ಕುಳಿತಿದ್ದ ಪುಡಿ ಬಟ್ಟೆಗೂ ಹತ್ತಿತು.

ಅವನು ಟೋಪಿ ತೆಗೆದು ಮೆಟ್ಟಿಲ ಮೇಲಿಟ್ಟು, ಹೊಸ್ತಿಲ ಮುಂದೆ ಮೊಣಕಾಲೂರಿದ. ಒಂದು ನೋಟನ್ನು ಆಚೆ ತೆಗೆದು ಮರದ ಪಕ್ಕ ಹಿಡಿದ. ಕೆಂಪಿನ ಸುತ್ತ ಅದೇ ಹಳದಿ ಅಂಚು. ಇನ್ನೊಂದು ನೋಟು, ಮತ್ತೊಂದು. ಅಷ್ಟು ಹೊತ್ತೂ ಕೃಷ್ಣವೇಣಿ ಬಟ್ಟೆ ಹಿಂಡುತ್ತ ನಿಂತಿದ್ದರು. ಕೆಂಪು ನೀರು ಅವರ ಪಾದದ ಮೇಲೆ ತೊಟ್ಟಿಕ್ಕುತ್ತಿತ್ತು.

"ದರೋಡೆಯ ಬಣ್ಣದಲ್ಲಿ ಹಳದಿ ಇರುವುದಿಲ್ಲ" ಎಂದು ಅವನು ಎದ್ದು ನಿಂತ. ಚೀಲವನ್ನು ಅವರ ಕೈಗೆ ಕೊಟ್ಟ. ಇವನ್ನು ಯಾವ ಅಂಗಡಿಗೂ ಕೊಡಬೇಡಿ, ಮತ್ತೆ ಇದೇ ಆಗುತ್ತದೆ ಎಂದ. ಒಳಗೆ ಬಂದು ಚಹಾ ಕುಡಿಯಿರಿ ಎಂದು ಜೂಲಿಯಾ ಕರೆದರು. ಅವನು ಬರಲಿಲ್ಲ. ಹೋಗುವಾಗ ಮಾತ್ರ ಹೊಸ್ತಿಲಿನಿಂದ ಕಾಲನ್ನು ದೂರ ಇಟ್ಟುಕೊಂಡು ಇಳಿದ.

ಬಾಗಿಲು ಹಾಕಿದ ಮೇಲೆ ಕೃಷ್ಣವೇಣಿ ಚಹಾಕ್ಕೆ ನೀರಿಟ್ಟರು.

ಸಂಜೆ ಭಾನುವಾರವಲ್ಲದಿದ್ದರೂ ಫೋನ್ ಬಂತು. ಯಾರೋ ಹೇಳಿಬಿಟ್ಟರು ಎಂದುಕೊಂಡೇ ಕೃಷ್ಣವೇಣಿ ಎತ್ತಿದರು.

"ಅಮ್ಮಾ, ಜಸ್ಟ್ ಚೆಕಿಂಗ್. ಏನ್ ಮಾಡ್ದೆ ಇವತ್ತು?"

"ಜೂಲಿಯಾ ಜೊತೆ ಪೇಟೆಗೆ ಹೋಗಿದ್ದೆ. ಯಾತ್ರೆ ಖರ್ಚಿಗೆ ಫ್ರಾಂಕ್ ಬೇಕಿತ್ತು. ಲೂರ್ದಿಗೆ ಹೋಗ್ತಿದೀವಿ."

"ವಾಟ್? ವಿದೌಟ್ ಟೆಲಿಂಗ್ ಮಿ? ಎನಿ ಪ್ರಾಬ್ಲಮ್?"

"ಏನಿಲ್ಲ. ಆಯ್ತು" ಎಂದರು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದಿದ್ದರು.

ಲೂರ್ದಿಗೆ ಹೋದರು. ಫ್ರಾಂಕ್ ಜೂಲಿಯಾ ತಮ್ಮ ಹಣದಿಂದ ಬದಲಾಯಿಸಿದ್ದು. ಅಲ್ಲಿನ ಅಂಗಡಿಗಳಲ್ಲಿ ದುಡ್ಡು ಕೊಡುವಾಗಲೆಲ್ಲ ಕೃಷ್ಣವೇಣಿ ಗೆಳತಿಯ ಬೆನ್ನ ಹಿಂದೆ ನಿಲ್ಲುತ್ತಿದ್ದರು. ಮನೆ ಮಾರಾಟವಾಗಲಿಲ್ಲ. ಏಜೆಂಟ್ ಮತ್ತೆ ಕೇಳಿದಾಗ, ಹೊಸ್ತಿಲಿಗೆ ಬಣ್ಣ ಹೊಡೆಸುವುದಿಲ್ಲ ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದರು. ನೋಟುಗಳು ಡಬ್ಬಿಗೆ ಮರಳಿದವು.

ಫ್ರಾನ್ಸಿನಿಂದ ಬಂದ ವಾರ ಇಲ್ಫರ್ಡ್ ಲೇನಿನ ಗುಜರಾತಿ ಅಂಗಡಿಯಲ್ಲಿ ಒಂದು ಪೊಟ್ಟಣ ಕುಂಕುಮ, ಒಂದು ಪೊಟ್ಟಣ ಅರಿಶಿನ ಕೊಂಡರು. ಶುಕ್ರವಾರ ಬೆಳಿಗ್ಗೆ ಬಗ್ಗಿ ಹೊಸ್ತಿಲಿಗೆ ಇಟ್ಟರು. ಹಣೆಗೆ ಇಟ್ಟುಕೊಳ್ಳಲಿಲ್ಲ. ಹಾಲು ತರಲು ಹೊರಟಿದ್ದ ಜೂಲಿಯಾ ಗೇಟಿನ ಬಳಿ ನಿಂತು ನೋಡಿದರು.

"ಇದೆಂತ, ವೇಣಿಯಕ್ಕ? ಬಿಟ್ಟಿದ್ರಲ್ಲ?"

"ಬಿಟ್ಟಿದ್ದೆ."

"ಮತ್ತೆ? ಆ ಪೊಲೀಸ್ ಇನ್ನೊಮ್ಮೆ ಬರ್ಲಿ ಅಂತವಾ?"

ಕೃಷ್ಣವೇಣಿ ರಸ್ತೆಯ ಎರಡೂ ಕಡೆ ನೋಡಿದರು. ಕಾರೊಂದು ನಿಧಾನವಾಗಿ ಬರುತ್ತಿತ್ತು. ಅದು ದಾಟಿ ಹೋದ ಮೇಲೆ ಕೈಯ ಕುಂಕುಮ ಒರೆಸಿಕೊಂಡರು.

"ಬರ್ಲಿ ಅಂತ ಅಲ್ಲ ಕಣೆ" ಎಂದರು. "ಬಂದ್ರೆ ತೋರ್ಸೋಕೆ ಇರ್ಲಿ ಅಂತ."