ಎರಡರಿಂದ ನಾಲ್ಕರವರೆಗೆ

ಮೊದಲು ಕಿರ್ರೆಂದು ಎಳೆದು, ಆಮೇಲೆ ಖಟ್ಟೆಂದು ಕೂರುತ್ತಿತ್ತು. ಸದಾಶಿವ ಪೇಠದ ನಮ್ಮ ವಾಡೆಯ ಮಾಳಿಗೆಯಲ್ಲಿ ಗೋದಾ ಅತ್ಯಾ ತನ್ನ ಖೋಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಸದ್ದು ಅದು. ದಿನಾ ಮಧ್ಯಾಹ್ನ ಎರಡಕ್ಕೆ ಹಾಕಿದರೆ ನಾಲ್ಕಕ್ಕೇ ತೆಗೆಯುವುದು. ಹೋದ ತಿಂಗಳು, ಈ ಮುಪ್ಪಿನಲ್ಲಿ, ನಾನು ಬಾತ್‌ರೂಮಿನಲ್ಲಿ ಜಾರಿಬಿದ್ದೆ. ಮಗಳು, ಪಾಪ, ಹೆದರಿ ನನ್ನ ರೂಮಿನ ಬೋಲ್ಟನ್ನೂ ತೆಗೆಸಿಹಾಕಿದಳು. "ಮಮ್ಮಿ, ಇಟ್ಸ್ ಫಾರ್ ಯುವರ್ ಸೇಫ್ಟಿ" ಅಂದಳು. ಬಾಗಿಲಲ್ಲಿ ಉಳಿದ ಸ್ಕ್ರೂ ತೂತುಗಳನ್ನು ನೋಡುತ್ತ ಕೂತಾಗ ಆ ಹಳೆಯ ಸದ್ದು ಕೇಳಿದಂತಾಯಿತು. ಈಗ ಯಾವ ಗಳಿಗೆಗೆ ಬಾಗಿಲು ತೆರೆದೀತೋ ಎಂದು ಕಿವಿ ಸದಾ ಅತ್ತಲೇ. ಸೀರೆ ಉಡುವುದನ್ನೂ ಗಡಿಬಿಡಿಯಲ್ಲಿ ಮುಗಿಸುತ್ತೇನೆ. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅತ್ಯಾ ನನ್ನ ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ವಿಜಾಪುರದಿಂದ ಮರಾಠಿ ಊರಿನ ನಮ್ಮಲ್ಲಿಗೆ ಬಂದಿದ್ದಳು. ಒಂಬತ್ತು ಜನರ ಮನೆ. ಹುರಿದ ಶೇಂಗಾದ ವಾಸನೆ, ಇಂಗಿನ ಒಗ್ಗರಣೆ, ಒದ್ದೆ ಮರದ ಮೆಟ್ಟಿಲು. ಎಲ್ಲರಿಗೂ ಅತ್ಯಾ ಬೇಕು. "ಗೋದಾ, ಮೊಸರೆಲ್ಲೆ?" "ಅಕ್ಕಾ, ನನ್ನ ಛತ್ರಿ?" ಆ ಎರಡು ತಾಸು ಮಾತ್ರ ಅವಳು ಯಾರ ಕೂಗಿಗೂ ಓಗೊಡುತ್ತಿರಲಿಲ್ಲ. ಅವಳ ತಾಯಿಯೇ ಆದ ನಮ್ಮ ಅಜ್ಜಿಗೆ ಅದನ್ನು ಕಂಡರಾಗದು. "ನಾವೇನು ಕಳ್ಳರೇನ? ಬಾಗಲಾ ಹಾಕ್ಕೊಂಡು ಏನ್ ಮಾಡ್ತಾಳ ಈಕಿ?" ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಬಾಗಿಲು ತಟ್ಟಿ 'ಮೇ ಐ ಕಮ್ ಇನ್' ಅನ್ನಲು ಕಲಿಸಿದ್ದರು; ಮನೆಯಲ್ಲಿ ತಟ್ಟಬೇಕಾದ ಬಾಗಿಲು ಅದೊಂದೇ. ರಜೆ ಬಂತೆಂದರೆ ಅಜ್ಜಿ ನನ್ನನ್ನು ಕಾವಲಿಗೆ ಹಚ್ಚುತ್ತಿದ್ದಳು. "ಸುಮೀ, ಮೆಟ್ಟಲ ಮ್ಯಾಲೆ ಕೂಡು. ಉಸರಾಡ್ತಾಳೋ ಇಲ್ಲೋ ಕೇಳು." ಎಂಟು ವರ್ಷದ ನಾನು ಜೀವ ಕೈಯಲ್ಲಿ ಹಿಡಿದು ಬಾಗಿಲಿಗೆ ಕಿವಿಗೊಟ್ಟು ಕೂರುತ್ತಿದ್ದೆ. ಒಳಗೆ ಏನೂ ಕೇಳುತ್ತಿರಲಿಲ್ಲ. ಅದೇ ನನ್ನ ಭಯ.

ಒಂದು ದಿನ ನಾಲ್ಕು ಹೊಡೆಯಿತು, ನಾಲ್ಕೂಕಾಲೂ ಆಯಿತು, ಬಾಗಿಲು ತೆರೆಯಲಿಲ್ಲ. "ಅತ್ಯಾ!" ಎಂದೆ. ಮತ್ತೆ ಕರೆದೆ. ಆಮೇಲೆ ಕಿರುಚಿಬಿಟ್ಟೆ. ಮನೆಯೆಲ್ಲ ಮೇಲೆ ಓಡಿ ಬಂತು, ಎದುರಿನ ಬಾಲ್ಕನಿಯಿಂದ ನೆರೆಯವರು "ಕಾಯ್ ಝಾಲಂ ಹೋ?" ಏನಾಯಿತೆಂದು ಮರಾಠಿಯಲ್ಲಿ ಕೂಗಿದರು. ಅಪ್ಪ ಬಾಗಿಲಿಗೆ ಹೆಗಲು ಕೊಡುವಷ್ಟರಲ್ಲಿ ಅದು ತಾನಾಗಿ ತೆರೆಯಿತು. ಅತ್ಯಾ ಕೂದಲು ಬಿಟ್ಟುಕೊಂಡು ನಿಂತಿದ್ದಳು. ಹಿಂದೆ ಒಂದು ಚಾಪೆ, ಅರ್ಧ ತಿಂದ ಪೇರಲ ಹಣ್ಣು, ಮತ್ತೇನೂ ಇಲ್ಲ.

"ಏನಾತು? ಬೆಂಕಿ ಹತ್ತೇದೇನು?"

"ಕರದ್ರ ಓ ಅನಬಾರದೇನ್ ಅಕ್ಕಾ? ಹುಡುಗಿ ಎದಿ ಒಡಕೊಂಡ್ಳು!" ಎಂದ ಅಪ್ಪ.

"ಕೇಳಿಸ್ತು. ಇನ್ನೊಂದೀಟು ಕೂಡಬೇಕನಿಸ್ತು. ಕೂತೆ."

ಸತ್ತಿದ್ದರೆ ಅತ್ತು ಸುಮ್ಮನಾಗುತ್ತಿದ್ದರೇನೋ. ಈ ಉತ್ತರವನ್ನು ಮನೆ ಕ್ಷಮಿಸಲಿಲ್ಲ. ಮರುದಿನ ಬೆಳಿಗ್ಗೆಯೇ ಬಡಿಗ ಬಂದು ಚಿಲಕ ಕಿತ್ತ. ಅಪ್ಪ ಒಳ್ಳೆಯ ಮನುಷ್ಯ, ಅಕ್ಕನ ಮುಖ ನೋಡಲಾರದೆ ಗೋಡೆ ನೋಡುತ್ತ ಹೇಳಿದ, "ನಿನ್ನ ಒಳ್ಳೇದಕ್ಕ, ಅಕ್ಕಾ." ಅತ್ಯಾ ನಕ್ಕಳು. "ಈ ಮನ್ಯಾಗ ಒಳ್ಳೇದು ಭಾಳ ಆತಪ್ಪಾ. ಎಲ್ಲೆ ಇಟ್ಕೊಳ್ಳಲಿ ನಾ?" ನನಗೆ ಅಜ್ಜಿ "ಶಾಣ್ಯಾ ಹುಡುಗಿ" ಎಂದು ಪೇಢೆ ಕೊಟ್ಟಳು. ತಿಂದೆ. ಭಾಳ ರುಚಿಯಾಗಿತ್ತು, ಐ ಮಸ್ಟ್ ಕನ್ಫೆಸ್.

ಆಮೇಲೆ ಎರಡು ಗಂಟೆಗೆ ಅವಳು ಕೂದಲು ಕಟ್ಟಿಕೊಂಡೇ ಚಾಪೆಯ ತುದಿಯಲ್ಲಿ, ಸ್ಟೇಶನ್ನಿನಲ್ಲಿ ಗಾಡಿ ಕಾಯುವವರ ಹಾಗೆ ಕೂರತೊಡಗಿದಳು. ಯಾರು ಬಾಗಿಲು ದೂಡಿದರೂ ಎದ್ದು ನಿಂತು "ಏನ್ ಬೇಕಿತ್ರಿ?" ಅನ್ನುವಳು. ಒಂದು ದಿನ ಅವ್ವ ಹುಣಸೆಹಣ್ಣು ಕೇಳಿದಾಗ "ನೀವು ಎಲ್ಲೆ ಇಡ್ತೀರಿ?" ಅಂದಳು. ಹತ್ತು ವರ್ಷದಿಂದ ಅದನ್ನು ಇಡುತ್ತಿದ್ದವಳು ಅವಳೇ. ದೀಪಾವಳಿ ಕಳೆದದ್ದೇ, ಭೋರ್ ಎಂಬ ಊರಿನ ಹುಡುಗಿಯರ ಹಾಸ್ಟೆಲಿಗೆ ಮೇಟ್ರನ್ ಆಗಿ ಹೊರಟಳು. "ಜನಾ ಏನಂದಾರು?" ಎಂದ ಅಪ್ಪ. "ಅವರನ್ನೂ ಮೆಟ್ಟಲ ಮ್ಯಾಲೆ ಕೂಡಸಪ್ಪಾ. ಕೇಳ್ಕೋತ ಇರಲಿ."

ಕಾಲೇಜಿಗೆ ಹೋಗುವಾಗ ಒಮ್ಮೆ, ಮನೆಯಲ್ಲಿ ಹೇಳದೆ, ಎಸ್‌ಟಿ ಬಸ್ಸು ಹತ್ತಿ ಭೋರಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಕನ್ನಡದಲ್ಲಿ ಅಳು ಬಂದೀತೆಂದು. ಅತ್ಯಾ ಊಟಕ್ಕೆ ಬಡಿಸಿ, ಎಲ್ಲ ಕೇಳಿಸಿಕೊಂಡಳು. "ನೀ ಕೂಸು ಇದ್ದಿ. ನಿನಗ ಹೆದರಿಕಿ ಆಗಿತ್ತು, ಖರೇ. ಆದ್ರ ನಿಮ್ಮೆಲ್ಲಾರ ಹೆದರಿಕಿ ನಾ ಎಷ್ಟಂತ ಹೊರಬೇಕಿತ್ತವಾ?" ಈಗ, ಮಗಳ ಹೆದರಿದ ಮುಖದ ಮುಂದೆ, ಆ ಮಾತು ಬಾಯಿಗೆ ಬಂದು ನಿಲ್ಲುತ್ತದೆ.

ಬಸ್‌ಸ್ಟ್ಯಾಂಡಿನವರೆಗೂ ಬಂದಳು. ನಾನು ಕಿಟಕಿಯ ಬಳಿ ಕೂತದ್ದೇ "ನಂದು ಕೆಲಸ ಅದ, ಖೋಲಿ ಕಿಟಕಿಗೆ ಪಡದಾ ತಗೋಬೇಕು, ನೀ ಕೂಡು" ಎಂದು ರಸ್ತೆ ದಾಟಿದಳು. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳೆಂದು ಕಾಗದ ಬಂತು. ಹಾಗಾಗಿ ನಾನು ಅವಳನ್ನು ಕಂಡದ್ದು ಅಂದೇ ಕೊನೆ. ಬಸ್ಸಿನ ಎದುರಿನ ಅರಿವೆ ಅಂಗಡಿಯಲ್ಲಿ ತನ್ನ ಖೋಲಿಯ ಕಿಟಕಿಗೆ ಪರದೆಯ ಬಟ್ಟೆ ನೋಡುತ್ತಿದ್ದಳು. ಹಸಿರನ್ನು ಬೆಳಕಿಗೆ ಹಿಡಿದಳು, ಸಣ್ಣ ಹೂವಿನ ಹಳದಿಯನ್ನು ಮುಟ್ಟಿ ನೋಡಿದಳು, ಮೂರನೆಯದನ್ನು ಬಿಚ್ಚಿಸಿದಳು. ಡ್ರೈವರ್ ಹಾರ್ನ್ ಹೊಡೆದ. ನಾನು ಕೈ ಎತ್ತಿದೆ. ಅವಳು ತಿರುಗಲಿಲ್ಲ, ಗಲ್ಲಕ್ಕೆ ಬೆರಳಿಟ್ಟು, ಇಡೀ ದಿನ ತನ್ನದೇ ಎಂಬಂತೆ ಆ ಮೂರು ಬಟ್ಟೆಗಳ ಮುಂದೆ ನಿಂತೇ ಇದ್ದಳು. ಯಾವುದನ್ನು ಆರಿಸಿಕೊಂಡಳೋ, ಅಷ್ಟರಲ್ಲಿ ಬಸ್ಸು ಮೂಲೆ ತಿರುಗಿಬಿಟ್ಟಿತು.